ಕಳೆದುಹೋದ ಹಲಸಿನ ಪೆನ್ನು, ಕೈಯಲ್ಲಿ ಉಳಿದ ಮುಚ್ಚಳ

ಪ್ರಶ್ನೆ: ನಾನು ಹಾಸನದಲ್ಲಿ ಕನ್ನಡ ಟೀಚರ್. ನಮ್ಮ ಊರು ಸಕಲೇಶಪುರದ ಹತ್ತಿರ. 2018ರ ದೊಡ್ಡ ಮಳೆಯಲ್ಲಿ ಮನೆ ಹಿಂದಿನ ಹಲಸಿನ ಮರ ಬಿತ್ತು. ಅದರ ಒಂದು ತುಂಡನ್ನು ಅಪ್ಪ ಚಿಕ್ಕಮಗಳೂರಿನಲ್ಲಿ ಕೈಯಿಂದ ಪೆನ್ನು ಮಾಡುವ ಒಬ್ಬರಿಗೆ ಕೊಟ್ಟು, ನನಗೊಂದು ಇಂಕ್ ಪೆನ್ನು ಮಾಡಿಸಿದರು. ಅಪ್ಪ ಈಗಿಲ್ಲ. ಕಳೆದ ತಿಂಗಳು ಬ್ಯಾಂಕಿನಲ್ಲಿ ಚಲನ್ ತುಂಬಲು ಯಾರೋ ಪೆನ್ನು ಕೇಳಿದರು. ಅಪ್ಪ ಹೇಳಿಕೊಟ್ಟಂತೆ ಮುಚ್ಚಳ ನನ್ನ ಕೈಯಲ್ಲೇ ಇಟ್ಟುಕೊಂಡು ಪೆನ್ನು ಕೊಟ್ಟೆ. ನನ್ನ ಟೋಕನ್ ಕರೆದರು, ತಿರುಗಿ ನೋಡುವಷ್ಟರಲ್ಲಿ ಅವರಿರಲಿಲ್ಲ. ಅದೇ ಪೆನ್ನನ್ನು ಮತ್ತೆ ಮಾಡಿಸಬಹುದಾ? ಮಾಡಿದವರ ಮುಂದೆ ಹೋಗಿ ಕಳೆದುಬಿಟ್ಟೆ ಅನ್ನಲು ಮುಜುಗರ. ಮಾಡಿಸಿದರೂ ಅದು ಅಪ್ಪನ ಪೆನ್ನು ಆಗುತ್ತಾ?

ಉತ್ತರ: ಮೊದಲು ಮುಜುಗರದ ವಿಷಯ ಮುಗಿಸೋಣ. ಚಿಕ್ಕಮಗಳೂರಿನ ನನ್ನ ಶೆಡ್ಡಿನಲ್ಲಿ ಇಪ್ಪತ್ತು ವರ್ಷದಿಂದ ಪೆನ್ನು ಕಡೆಯುತ್ತಿದ್ದೇನೆ. ಕಳೆದುಕೊಂಡು ಮತ್ತೆ ಬಂದವರು ನನಗೆ ಬಹಳ ಜನ ಸಿಕ್ಕಿದ್ದಾರೆ. ಎಲ್ಲರೂ ನಿಮ್ಮ ಹಾಗೆಯೇ ಬಾಗಿಲಲ್ಲಿ ನಿಂತು, ಬೇರೇನೋ ಮಾತಾಡಿ, ಕೊನೆಗೆ ವಿಷಯಕ್ಕೆ ಬರುತ್ತಾರೆ. ಒಬ್ಬರಂತೂ ಹೊಸ ಪೆನ್ನು ಬೇಕು ಅಂತ ಆರ್ಡರ್ ಕೊಟ್ಟು, ಅಡ್ವಾನ್ಸ್ ಕೊಟ್ಟು, ಮೆಟ್ಟಿಲಿಳಿದ ಮೇಲೆ ವಾಪಸ್ ಬಂದು ಹಳೆಯದು ಕಳೆದುಹೋಯ್ತು ಅಂದರು. ನನಗೆ ಒಂದು ಚೂರೂ ಬೇಜಾರಾಗಲಿಲ್ಲ. ಪೇಟೆಯಲ್ಲಿ ಹತ್ತು ರೂಪಾಯಿಗೆ ಪೆನ್ನು ಸಿಗುತ್ತದೆ. ಅದನ್ನು ಬಿಟ್ಟು ಅದೇ ಪೆನ್ನು ಬೇಕು ಅಂತ ಮತ್ತೆ ಹುಡುಕಿಕೊಂಡು ಬರುತ್ತಾರಲ್ಲ, ಪೆನ್ನು ಮಾಡುವವನಿಗೆ ಅದಕ್ಕಿಂತ ಒಳ್ಳೆಯ ಮಾತು ಬೇರೆ ಇಲ್ಲ. ಡ್ರಾಯರಿನಲ್ಲಿ ವರ್ಷಗಟ್ಟಲೆ ಸುಮ್ನೆ ಬಿದ್ದು ಇಂಕು ಒಣಗಿದ ಪೆನ್ನು ನೋಡಿದಾಗ ನನಗೆ ನೋವಾಗುತ್ತದೆ. ದಿನಾ ಬರೆದು, ದಿನಾ ಜೊತೆಗೆ ಒಯ್ದು, ಹಾಗೆ ಒಯ್ಯುವಾಗ ಕಳೆದುಹೋದರೆ ಅದು ಬಳಸಿದ ಪೆನ್ನು. ನಿಮ್ಮ ಪೆನ್ನು ಮಾಡಿದವರಿಗೂ ನೇರವಾಗಿ ಹೇಳಿ.

ಹೋಗುವ ಮುಂಚೆ ಒಂದು ಕೆಲಸ ಮಾಡಿ. ಬ್ಯಾಂಕಿನ ಕೌಂಟರಿನಲ್ಲೂ ಸೆಕ್ಯುರಿಟಿಯವರ ಹತ್ತಿರವೂ ಪೆನ್ನಿನ ಫೋಟೋ ಮತ್ತು ನಿಮ್ಮ ನಂಬರ್ ಕೊಟ್ಟುಬನ್ನಿ. ಮುಚ್ಚಳವಿಲ್ಲದ ಇಂಕ್ ಪೆನ್ನು ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಜೇಬಿಗೆ ಹಾಕಿಕೊಂಡರೆ ಅಂಗಿ ಹಾಳು. ತಂದುಕೊಡುವವರು ಇದ್ದಾರೆ, ನಾನು ನೋಡಿದ್ದೇನೆ. ಸಿಕ್ಕಿದರೆ ನಿಬ್ ಭಾಗವನ್ನು ಮಾತ್ರ ಬಿಚ್ಚಿ ತಣ್ಣೀರಿನಲ್ಲಿ ಒಂದು ರಾತ್ರಿ ಇಡಿ. ಬಿಸಿನೀರು ಬೇಡ, ಎಬೊನೈಟ್, ಅಂದರೆ ಗಟ್ಟಿ ಮಾಡಿದ ರಬ್ಬರು, ಬಣ್ಣ ಕೆಡುತ್ತದೆ. ಮರದ ಭಾಗವನ್ನಂತೂ ನೀರಿಗೆ ತಾಗಿಸಲೇಬೇಡಿ. ಒಂದು ತಿಂಗಳು ಕಾಯಿರಿ. ಆಮೇಲೂ ಸಿಗದಿದ್ದರೆ ಮುಂದಿನದು.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಅದೇ ಪೆನ್ನನ್ನು ಪೂರ್ತಿ ಹೊಸದಾಗಿ ಮಾಡಿಸಬೇಡಿ ಅಂತ ನನ್ನ ಸಲಹೆ. ನಿಮ್ಮ ಹತ್ತಿರ ಮುಚ್ಚಳ ಇದೆ. ಅದು ನಿಮ್ಮ ಮರದ್ದು, ನಿಮ್ಮ ತಂದೆ ಮಾಡಿಸಿದ್ದು. ಆ ಮುಚ್ಚಳಕ್ಕೆ ಹೊಂದುವ ಹೊಸ ಒಡಲನ್ನು ಕಡೆಸಿ. ಹೆಚ್ಚಿನ ಜನ ಬರಿಗೈಯಲ್ಲಿ ಬರುತ್ತಾರೆ. ಮೊಬೈಲಿನಲ್ಲಿ ಒಂದು ಮಸುಕು ಫೋಟೋ ಇದ್ದರೆ ಅದೇ ದೊಡ್ಡದು. ನಿಮ್ಮಲ್ಲಿ ಅರ್ಧ ಪೆನ್ನೇ ಇದೆ, ಅಲ್ವಾ?

ಮುಚ್ಚಳದಿಂದ ಏನೇನು ಗೊತ್ತಾಗುತ್ತದೆ ನೋಡಿ. ಒಳಗೆ ಬೆರಳು ಹಾಕಿದರೆ ಮರೆ, ಅಂದರೆ ತಿರುಪಿನ ಸುತ್ತುಗೆರೆ, ಸಿಗುತ್ತದೆ. ಬರೀ ಮರದಲ್ಲಿ ಮರೆ ಕೊರೆದರೆ ಬಹಳ ದಿನ ಬಾಳುವುದಿಲ್ಲ, ಪುಡಿಯಾಗುತ್ತದೆ. ಹಾಗಾಗಿ ಸಾಮಾನ್ಯವಾಗಿ ಒಳಗೊಂದು ಎಬೊನೈಟ್ ಅಥವಾ ಅಕ್ರಿಲಿಕ್ ಕೊಳವೆ ಕೂರಿಸಿ, ಅದರಲ್ಲಿ ಮರೆ ಕೊರೆಯುತ್ತೇವೆ. ಕೈಯಿಂದ ಪೆನ್ನು ಮಾಡುವವರಲ್ಲಿ ಬಹಳ ಜನ ಬಳಸುವುದು 13 ಮಿಲಿಮೀಟರ್ ಅಗಲದ, ಮೂರು ಬಾಯಿಯ ಮರೆ. ಮೂರು ಎಳೆಗಳು ಒಟ್ಟಿಗೆ ಸುತ್ತಿಕೊಂಡು ಹೋಗುತ್ತವೆ. ಅದಕ್ಕೇ ಒಂದೂವರೆ ಸುತ್ತಿಗೇ ಮುಚ್ಚಳ ಬಿಗಿಯಾಗುತ್ತದೆ. ನಿಮ್ಮ ಮುಚ್ಚಳದ್ದೂ ಅದೇ ಅಳತೆಯಾದರೆ ಆ ಮರೆ ಕೊರೆಯುವ ಟ್ಯಾಪು, ಡೈ ನಿಮ್ಮ ಪೆನ್ನು ಮಾಡಿದವರ ಹತ್ತಿರ ಈಗಲೂ ಇರಬಹುದು. ಬೇರೆ ಅಳತೆಯಾದರೂ ತೊಂದರೆ ಇಲ್ಲ. ಒಳಗಿನ ಕೊಳವೆಯನ್ನು ತೆಗೆದು ಹೊಸದು ಕೂರಿಸಬಹುದು. ಮರ ಹಾಗೆಯೇ ಉಳಿಯುತ್ತದೆ.

ಮುಚ್ಚಳದ ಒಳ ಆಳ ಅಳೆದರೆ ಎಷ್ಟು ಉದ್ದದ ನಿಬ್ ಇತ್ತು ಅನ್ನುವ ಅಂದಾಜು ಸಿಗುತ್ತದೆ. ನಮ್ಮಲ್ಲಿ ನಡೆಯುವುದು ಹೆಚ್ಚಾಗಿ 5ನೇ ನಂಬರು, 6ನೇ ನಂಬರು. ಮುಚ್ಚಳದ ಬಾಯಿಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಸುತ್ತ ಸವೆದು ಹೊಳೆಯುತ್ತಿದ್ದರೆ ನೀವು ಬರೆಯುವಾಗ ಮುಚ್ಚಳವನ್ನು ಹಿಂದಕ್ಕೆ ಸಿಕ್ಕಿಸುತ್ತಿದ್ದಿರಿ ಅಂತ ಅರ್ಥ. ಇದು ನಿಮಗೇ ನೆನಪಿಲ್ಲದಿರಬಹುದು. ಕೇಳಿದರೆ ಎಷ್ಟೋ ಜನ ಇಲ್ಲ ಅನ್ನುತ್ತಾರೆ, ಮುಚ್ಚಳ ಹೌದು ಅನ್ನುತ್ತದೆ. ಹಿಂದಕ್ಕೆ ಸಿಕ್ಕಿಸಿ ಬರೆಯುವವರಿಗೆ ಪೆನ್ನಿನ ಭಾರ ಹಿಂದೆ ಬಿದ್ದಿರುತ್ತದೆ, ಅದಕ್ಕೆ ಕೈ ಒಗ್ಗಿರುತ್ತದೆ. ಹೊಸ ಒಡಲಿನ ಬಾಲ ಅದಕ್ಕೆ ತಕ್ಕ ಹಾಗೆ ಇರಬೇಕು.

ಹೋಗುವ ಮುಂಚೆ ಅವರಿಗೆ ಫೋನ್ ಮಾಡಿ. ನಮ್ಮ ಮರದ ತುಂಡು ಇನ್ನೂ ಉಳಿದಿದೆಯಾ? ಇದೇ ಮೊದಲ ಪ್ರಶ್ನೆ ಆಗಲಿ. ಒಂದು ಪೆನ್ನಿಗೆ ಬೇಕಾಗುವ ಮರ ಬಹಳ ಕಡಿಮೆ. ಸುಮಾರು 20 ಮಿಲಿಮೀಟರ್ ಚದರ, 13 ಸೆಂಟಿಮೀಟರ್ ಉದ್ದ, ಅಷ್ಟೇ. ಒಂದು ಅಡಿ ಉದ್ದ, ಅರ್ಧ ಅಡಿ ಅಗಲ, ಒಂದಿಂಚು ದಪ್ಪದ ಹಲಗೆಯಲ್ಲಿ ಗರಗಸಕ್ಕೆ ಹೋಗುವುದನ್ನು ಕಳೆದರೂ ಹತ್ತಕ್ಕಿಂತ ಜಾಸ್ತಿ ತುಂಡು ಸಿಗುತ್ತದೆ. ನಿಮ್ಮ ತಂದೆ ಕೊಟ್ಟಿದ್ದು ಒಂದು ಕೊರಡೇ ಆಗಿದ್ದರೆ ಉಳಿದಿರುವ ಸಾಧ್ಯತೆ ಇದೆ. ಯಾರದೋ ಮನೆಯ ಮರ ಅಂತ ತಂದುಕೊಟ್ಟ ತುಂಡುಗಳ ಮೇಲೆ ಹೆಸರು, ಊರು ಬರೆದು ನಾನು ಬೇರೆ ಡಬ್ಬದಲ್ಲಿ ಇಡುತ್ತೇನೆ. ಬಹಳ ಜನ ಹಾಗೆ ಇಡುತ್ತಾರೆ. ಬಿಸಾಡಲು ಮನಸ್ಸು ಬರುವುದಿಲ್ಲ.

ಅವರಲ್ಲಿ ಇಲ್ಲದಿದ್ದರೆ ಊರಿನ ಮನೆಯಲ್ಲಿ ಹುಡುಕಿ. ಬಿದ್ದ ಹಲಸಿನ ಮರವನ್ನು ಮಲೆನಾಡಿನಲ್ಲಿ ಯಾರೂ ಪೂರ್ತಿ ಸೌದೆ ಮಾಡುವುದಿಲ್ಲ. ಬಾಗಿಲೋ, ಮಣೆಯೋ, ಮಂಚದ ಕಾಲೋ ಆಗಿರುತ್ತದೆ. ಅಟ್ಟದ ಮೇಲೆ ಒಂದೆರಡು ಹಲಗೆ ಮಲಗಿರುತ್ತದೆ. ಅಟ್ಟದ ಮೇಲಿನದು ಸಿಕ್ಕಿದರೆ ಅದೃಷ್ಟ. ಕೆಳಗಿನ ಒಲೆಯ ಹೊಗೆ, ಕಾವು ತಾಗಿ ಚೆನ್ನಾಗಿ ಒಣಗಿರುತ್ತದೆ. ಒಣಗಿಲ್ಲದ ಮರದಲ್ಲಿ ಕಡೆದ ಪೆನ್ನು ಮಳೆಗಾಲದಲ್ಲಿ ಚೆನ್ನಾಗಿಯೇ ಇದ್ದು, ಫೆಬ್ರವರಿ ಬಿಸಿಲಿಗೆ ಉದ್ದಕ್ಕೆ ಸೀಳುತ್ತದೆ. ನಾನು ತುಂಡುಗಳ ಎರಡೂ ತುದಿಗೆ ಮೇಣ ಹಚ್ಚಿ, ವಾರಕ್ಕೊಮ್ಮೆ ತೂಕ ಹಾಕಿ ಬರೆದಿಡುತ್ತೇನೆ. ತೂಕ ಇಳಿಯುವುದು ಪೂರ್ತಿ ನಿಂತ ಮೇಲೆಯೇ ಲೇತಿಗೆ ಏರಿಸುವುದು. ನಿಮ್ಮ ಮರ ಬಿದ್ದು ಇಷ್ಟು ವರ್ಷವಾಗಿದೆ, ಆ ಚಿಂತೆ ಇಲ್ಲ. ಒಳಗಿನ ಗಟ್ಟಿ ಚೇಗಿನ ಭಾಗವನ್ನೇ ಕೊಡಿ. ಹೊರಗಿನ ಬಿಳಿ ಭಾಗಕ್ಕೆ ಹುಳು ಬೀಳುತ್ತದೆ.

ಒಂದು ಮಾತು. ಅಪ್ಪ ಮಾಡಿಸಿದ ಮಣೆ ಚೆನ್ನಾಗಿದ್ದರೆ ಅದನ್ನು ಪೆನ್ನಿಗಾಗಿ ಕೊಯ್ಯಿಸಬೇಡಿ. ಕಾಲು ಮುರಿದಿದ್ದರೆ ಆ ಕಾಲನ್ನು ತನ್ನಿ. ಒಬ್ಬರು ಹಳೆಯ ತೊಟ್ಟಿಲಿನ ಮುರಿದ ಗೂಟ ತಂದಿದ್ದರು. ಒಂದು ಗೂಟದಲ್ಲಿ ಇಬ್ಬರು ಅಕ್ಕತಂಗಿಯರಿಗೆ ಎರಡು ಪೆನ್ನಾಯಿತು.

ಇನ್ನು ಬಣ್ಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ಇಲ್ಲಿಯೇ ಜನ ಬೇಸರ ಮಾಡಿಕೊಳ್ಳುತ್ತಾರೆ, ಕೆಲವು ಕುಶಲಕರ್ಮಿಗಳೂ ತಪ್ಪು ಮಾಡುತ್ತಾರೆ.

ಹೊಸದಾಗಿ ಕಡೆದ ಹಲಸಿನ ಮರ ಅರಿಶಿನದ ಹಾಗೆ ಹಳದಿ. ಆ ಹಳದಿ ಬರುವುದು ಮೋರಿನ್ ಅನ್ನುವ ಬಣ್ಣದ ವಸ್ತುವಿನಿಂದ. ಹಲಸಿನ ಚೇಗಿನ ಚಕ್ಕೆ ಕುದಿಸಿ ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಹಾಕುತ್ತಿದ್ದುದು ಇದೇ ಕಾರಣಕ್ಕೆ. ಗಾಳಿ ಬೆಳಕು ತಾಗಿದ ಹಾಗೆ ಈ ಹಳದಿ ಜೇನಿನ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕೆಂಪು ಕಂದು. ಹಳೆಯ ವೀಣೆ ನೋಡಿದ್ದೀರಲ್ಲ, ಹೆಚ್ಚಾಗಿ ಅದೂ ಹಲಸೇ. ಕಡೆದ ದಿನ ಅದೂ ಹಳದಿಯಾಗಿಯೇ ಇತ್ತು. ನಿಮ್ಮ ಮುಚ್ಚಳ ಇಷ್ಟು ವರ್ಷದ ಬೆಳಕು ಕುಡಿದು ಕಂದಾಗಿದೆ. ಹೊಸ ಒಡಲು ಹಳದಿಯಾಗಿ ಬರುತ್ತದೆ. ಒಂದೇ ಮರದ, ಒಂದೇ ಕೊರಡಿನ ತುಂಡಾದರೂ ಒಳಭಾಗ ಬೆಳಕು ಕಂಡಿಲ್ಲವಲ್ಲ. ಎರಡನ್ನೂ ಜೋಡಿಸಿದಾಗ ಬೇರೆ ಬೇರೆ ಮರದ ಹಾಗೆ ಕಾಣುತ್ತದೆ. ಮೊದಲ ದಿನ ನಿಮಗೆ ಇಷ್ಟವಾಗದೇ ಇರಬಹುದು.

ಆಗ ಯಾರಾದರೂ ಸ್ಟೇನ್ ಹಚ್ಚಿ ಮುಚ್ಚಳದ ಬಣ್ಣಕ್ಕೆ ತಂದುಕೊಡುತ್ತೇನೆ ಅಂದರೆ ದಯವಿಟ್ಟು ಬೇಡ ಅನ್ನಿ. ಇವತ್ತು ಎರಡೂ ಒಂದೇ ಬಣ್ಣ ಕಾಣುತ್ತದೆ, ನಿಜ. ಆದರೆ ಸ್ಟೇನಿನ ಕೆಳಗಿನ ಮರ ಕಂದಾಗುವುದನ್ನು ನಿಲ್ಲಿಸುವುದಿಲ್ಲ. ಮುಚ್ಚಳ ಆಗಲೇ ಬಹಳಷ್ಟು ದೂರ ಬಂದಿದೆ, ಅದು ಇನ್ನು ಹೆಚ್ಚು ಬದಲಾಗುವುದಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಒಡಲು ಮುಚ್ಚಳಕ್ಕಿಂತ ಕಪ್ಪಾಗಿರುತ್ತದೆ. ಆಗ ಸರಿಮಾಡಲು ದಾರಿ ಇಲ್ಲ. ಶುರುವಿನಲ್ಲಿ ನಾನೂ ಈ ತಪ್ಪು ಮಾಡಿದ್ದೇನೆ. ಆ ಪೆನ್ನನ್ನು ವಾಪಸ್ ಪಡೆದು ಬೇರೆ ಒಡಲು ಮಾಡಿಕೊಟ್ಟೆ.

ಬೆಳಕಿಗೇ ಬಿಡಿ. ಹಲಸು ಮೊದಲ ವರ್ಷದಲ್ಲಿ ಬೇಗ ಬೇಗ ಬಣ್ಣ ಬದಲಿಸುತ್ತದೆ, ಆಮೇಲೆ ನಿಧಾನ. ನನ್ನ ಶೆಡ್ಡಿನ ಕಿಟಕಿಯಲ್ಲಿ ಒಂದು ಹಲಸಿನ ಚಕ್ಕೆ ಇದೆ, ಅರ್ಧಕ್ಕೆ ಕಪ್ಪು ಕಾಗದ ಸುತ್ತಿಟ್ಟಿದ್ದೇನೆ. ಬಂದವರಿಗೆಲ್ಲ ಕಾಗದ ಬಿಚ್ಚಿ ತೋರಿಸುತ್ತೇನೆ. ಮುಚ್ಚಿದ ಅರ್ಧ ಇನ್ನೂ ಹಳದಿ, ತೆರೆದ ಅರ್ಧ ಬೆಲ್ಲದ ಬಣ್ಣ. ಹೊಸ ಒಡಲನ್ನು ನೀವೂ ಕೆಲವು ವಾರ ಕಿಟಕಿ ಹತ್ತಿರದ ಮೇಜಿನ ಮೇಲೆ ಇಡಿ, ದಿನಾ ಸ್ವಲ್ಪ ತಿರುಗಿಸಿ. ನೇರ ಬಿಸಿಲಿಗೆ ಮಾತ್ರ ಬೇಡ, ಸೀಳುತ್ತದೆ. ಮುಚ್ಚಳವನ್ನು ಆ ಹೊತ್ತಿಗೆ ಡಬ್ಬದಲ್ಲಿ ಇಟ್ಟಿರಿ. ಎರಡೂ ಹತ್ತಿರ ಬರುತ್ತವೆ. ಪೂರ್ತಿ ಒಂದೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಹತ್ತಿರ ಬರುವುದನ್ನು ನೀವೇ ತಿಂಗಳು ತಿಂಗಳು ನೋಡುತ್ತೀರಿ.

ಗೆರೆಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಮರದ ಗೆರೆ ಎರಡನೇ ಸಲ ಬರುವುದಿಲ್ಲ. ಹಳೆಯ ಒಡಲಿನಲ್ಲಿ ಒಂದು ಕಣ್ಣಿತ್ತು, ಒಂದು ಸುಳಿಯಿತ್ತು ಅಂತ ಹುಡುಕಬೇಡಿ. ಮುಚ್ಚಳದ ಗೆರೆ ಹೋಗುವ ದಿಕ್ಕಿಗೇ ಹೋಗುವ ತುಂಡನ್ನು ಆರಿಸಲು ಹೇಳಿ, ಸಾಕು. ಮೂರು ಬಾಯಿಯ ಮರೆಯಲ್ಲಿ ಮುಚ್ಚಳ ಮೂರು ಕಡೆ ಕೂರುತ್ತದೆ. ಅದರಲ್ಲಿ ಒಂದು ಕಡೆ ಗೆರೆ ಕೂಡುವಂತೆ ನೋಡಿಕೊಳ್ಳಬಹುದು.

ಈಗ ಕೈ. ನಾವು ಪೆನ್ನು ಕಳೆದುಕೊಂಡೆ ಅನ್ನುವಾಗ ಕಣ್ಣಿಗೆ ಕಂಡಿದ್ದನ್ನು ವರ್ಣಿಸುತ್ತೇವೆ. ಆದರೆ ಹೊಸದನ್ನು ಒಪ್ಪುವುದೋ ಬಿಡುವುದೋ ಬೆರಳು. ಬೆರಳು ಹಿಡಿಯುವ ಜಾಗ ಸಾಮಾನ್ಯವಾಗಿ ಎಬೊನೈಟಿನದ್ದೇ ಇರುತ್ತದೆ. ಅಲ್ಲಿ ಮರ ಹಾಕಿದರೆ ಇಂಕು ಕುಡಿದು ಕಲೆಯಾಗುತ್ತದೆ. ಆ ಜಾಗದ ದಪ್ಪದಲ್ಲಿ ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಬೆರಳಿಗೆ ತಿಳಿಯುತ್ತದೆ. ಇಷ್ಟು ದಪ್ಪ ಇತ್ತು ಅಂತ ಬಾಯಲ್ಲಿ ಹೇಳಲು ಯಾರಿಗೂ ಆಗುವುದಿಲ್ಲ. ಅವರಲ್ಲಿರುವ ಬೇರೆ ಬೇರೆ ದಪ್ಪದ ಪೆನ್ನುಗಳಲ್ಲಿ ಒಂದೊಂದು ಪುಟ ಬರೆಯಿರಿ. ಕೈ ಒಂದು ಕಡೆ ನಿಲ್ಲುತ್ತದೆ. ಅದನ್ನು ಅವರು ವರ್ನಿಯರ್‌ನಲ್ಲಿ ಅಳೆದುಕೊಳ್ಳಲಿ. ಹಳೆಯ ಅಳತೆ ಅವರ ಪುಸ್ತಕದಲ್ಲಿ ಇದ್ದರಂತೂ ಇನ್ನೂ ಸುಲಭ. ಕೊರಿಯರ್ ಮಾಡಿ ಕೂರಬೇಡಿ ಅನ್ನುವುದು ಇದಕ್ಕೇ. ಹಾಸನದಿಂದ ಬೇಲೂರು ದಾಟಿದರೆ ಚಿಕ್ಕಮಗಳೂರು, ಹೆಚ್ಚೆಂದರೆ ಎರಡು ಗಂಟೆ. ಬೇಲೂರಿನಲ್ಲಿ ಇಳಿಯಲು ಹೊತ್ತಿದ್ದರೆ ಚೆನ್ನಕೇಶವ ದೇವಸ್ಥಾನದ ನವರಂಗದ ಕಂಬಗಳನ್ನು ನೋಡಿಕೊಂಡು ಬನ್ನಿ. 1117ರ ದೇವಸ್ಥಾನ. ಬಳಪದ ಕಲ್ಲನ್ನು ತಿರುಗಿಸಿ ಕಡೆದ ಆ ಬಳೆ ಬಳೆ ಗೆರೆಗಳನ್ನು ನೋಡಿದಾಗಲೆಲ್ಲ ನನ್ನ ಕೈ ತಾನಾಗಿ ಉಳಿ ಹಿಡಿದಂತೆ ಮಡಚಿಕೊಳ್ಳುತ್ತದೆ.

ಹೋಗುವಾಗ ಹಳೆಯ ನೋಟ್ಸ್ ಪುಸ್ತಕ ಒಯ್ಯಿರಿ. ಆ ಪೆನ್ನಿನಲ್ಲಿಯೇ ಬರೆದದ್ದು, ಎರಡು ಮೂರು ವರ್ಷದ ಹಿಂದಿನದೊಂದು, ಇತ್ತೀಚಿನದೊಂದು. ನನ್ನ ಪ್ರಕಾರ ಇದು ಫೋಟೋಗಿಂತ ಮುಖ್ಯ. ಗೆರೆಯ ದಪ್ಪ ಅಳೆದರೆ ನಿಬ್ ಯಾವುದು ಅಂತ ಗೊತ್ತಾಗುತ್ತದೆ. ಅರ್ಧ ಮಿಲಿಮೀಟರ್ ಆಸುಪಾಸಿನದ್ದಾದರೆ ಫೈನ್, ಅದಕ್ಕಿಂತ ದಪ್ಪವಾದರೆ ಮೀಡಿಯಂ. ನೀವು ಕನ್ನಡ ಟೀಚರ್ ಆದ್ದರಿಂದ ಇನ್ನೊಂದು ವಿಷಯ. ನಿಬ್ ಪರೀಕ್ಷೆ ಮಾಡುವಾಗ ಎಲ್ಲರೂ ಸಹಿ ಹಾಕಿ ನೋಡುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಠ, ಥ ಬರೆಯಿರಿ. ಒಳಗಿನ ಚುಕ್ಕೆ ಬಿಡಿಯಾಗಿ ಉಳಿಯಬೇಕು. ಇಂಕು ತುಂಬಿ ಮುಚ್ಚಿಹೋದರೆ ನಿಬ್ ನಿಮ್ಮ ಅಕ್ಷರದ ಗಾತ್ರಕ್ಕೆ ದಪ್ಪವಾಯಿತು. ಸ್ವಾತಂತ್ರ್ಯ, ರಾಷ್ಟ್ರ ಬರೆದು ಒತ್ತಕ್ಷರ ನೋಡಿ. ನಮ್ಮ ಲಿಪಿ ದುಂಡು. ಪೆನ್ನು ಎಳೆಯುವುದಷ್ಟೇ ಅಲ್ಲ, ಎಡಕ್ಕೂ ಮೇಲಕ್ಕೂ ತಳ್ಳಬೇಕಾಗುತ್ತದೆ. ತಳ್ಳುವಾಗ ಕಾಗದ ಕೆರೆಯುವ ನಿಬ್ ಇಂಗ್ಲಿಷಿಗೆ ನಡೆದರೂ ಕನ್ನಡಕ್ಕೆ ಬರುವುದಿಲ್ಲ.

ಹಳೆಯ ನಿಬ್‌ನ ತುದಿ ಇಷ್ಟು ವರ್ಷದಲ್ಲಿ ನೀವು ಹಿಡಿಯುವ ಕೋನಕ್ಕೆ ಸವೆದಿತ್ತು. ಹೊಸದರಲ್ಲಿ ಅದು ಇರುವುದಿಲ್ಲ. ನಿಮ್ಮ ಎದುರೇ, ನೀವು ದಿನಾ ಬಳಸುವ ಇಂಕಿನಲ್ಲಿ ಬರೆಸಿ, ಬಹಳ ನಯವಾದ ಪಾಲಿಶ್ ಪೇಪರಿನಲ್ಲಿ ಸ್ವಲ್ಪ ಸ್ವಲ್ಪ ಉಜ್ಜಿಕೊಡಲು ಹೇಳಿ. ಉಳಿದದ್ದು ನಿಮ್ಮ ಕೈ ಮಾಡಿಕೊಳ್ಳುತ್ತದೆ. ಒಂದೆರಡು ತಿಂಗಳು ಉತ್ತರಪತ್ರಿಕೆ ತಿದ್ದಿದರೆ ಸಾಕು.

ನಿಮ್ಮ ಪ್ರಶ್ನೆ ಓದಿ ಬೇರೆ ಮರದ ಪೆನ್ನು ಕಳೆದುಕೊಂಡವರೂ ಕೇಳಬಹುದು, ಅವರಿಗಾಗಿ ಎರಡು ಮಾತು. ಬೀಟೆಯ ಪೆನ್ನಾಗಿದ್ದರೆ ಮರ ಸಿಗುವುದೇ ಕಷ್ಟ. ಸ್ವಂತ ತೋಟದಲ್ಲಿ ಬೀಟೆ ಇದ್ದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ಹಳೆಯ ಕುರ್ಚಿ, ಮೇಜಿನ ಮುರಿದ ಭಾಗ ಮನೆಯಲ್ಲಿದ್ದರೆ ಅದನ್ನೇ ತನ್ನಿ. ಕಾಫಿ ಗಿಡದ್ದಾದರೆ ಹಳೆಯ ಗಿಡದ ಬೊಡ್ಡೆ ಬೇಕು. ಬೋರರ್, ಅಂದರೆ ಕಾಂಡ ಕೊರೆಯುವ ಹುಳು, ಬಿದ್ದ ಅರೇಬಿಕಾ ಗಿಡ ಕಿತ್ತಾಗ ತಂದುಕೊಡುತ್ತಾರೆ. ಒಳಗೆ ಹುಳು ಕೊರೆದ ಸುರಂಗ, ಹಿಟ್ಟು. ಅದನ್ನು ಸುಡುವುದೇ ಸರಿ, ಇಲ್ಲದಿದ್ದರೆ ಹುಳು ಪಕ್ಕದ ಗಿಡಕ್ಕೆ ಹೋಗುತ್ತದೆ. ಪೂರ್ತಿ ಎಬೊನೈಟ್ ಪೆನ್ನಾಗಿದ್ದರೆ ಎಲ್ಲಕ್ಕಿಂತ ಸುಲಭ. 1930ರ ದಶಕದಲ್ಲಿ ಗಾಂಧೀಜಿಯವರಿಗೆ ಸ್ವದೇಶಿ ಪೆನ್ನು ಮಾಡಿಕೊಟ್ಟ ರಾಜಮಂಡ್ರಿಯ ರತ್ನಂ ಅವರ ಕಾಲದಿಂದ ದಕ್ಷಿಣದಲ್ಲಿ ಎಬೊನೈಟ್ ಕಡೆಯುವವರಿದ್ದಾರೆ. ಅಳತೆ ಸಿಕ್ಕಿದರೆ ಹೆಚ್ಚುಕಡಿಮೆ ಅದೇ ಪೆನ್ನು ಬರುತ್ತದೆ. ಕಿಟ್ ಪೆನ್ನು, ಅಂದರೆ ಕ್ಲಿಪ್ಪು, ಉಂಗುರ, ಹಿತ್ತಾಳೆ ಕೊಳವೆ ಎಲ್ಲ ಸಿದ್ಧವಾಗಿ ಬರುವಂಥದ್ದಾದರೆ, ಆ ಮಾಡೆಲ್ ಇನ್ನೂ ಬರುತ್ತಿದೆಯಾ ಅಂತ ಮೊದಲು ಕೇಳಿ. ಎಷ್ಟೋ ಮಾಡೆಲ್ ನಿಂತುಹೋಗಿವೆ.

ಬೆಲೆಯನ್ನು ಹಳೆಯದಕ್ಕೆ ಹೋಲಿಸಬೇಡಿ. ನಿಬ್ ಹೊರದೇಶದ್ದಾದರೆ ಅದೊಂದೇ ಬಹಳ ಏರಿದೆ. ಒಡಲು ಮಾತ್ರ ಆದರೂ ಕೆಲಸ ಪೂರ್ತಿ ಪೆನ್ನಿನಷ್ಟೇ ಇದೆ. ಹಳೆಯ ಮುಚ್ಚಳಕ್ಕೆ ಕೂಡಿಸುವುದಂತೂ ಹೊಸದು ಮಾಡುವುದಕ್ಕಿಂತ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ. ಅವರು ಕೆಲಸ ನಿಲ್ಲಿಸಿದ್ದರೆ ಬೇರೆಯವರ ಹತ್ತಿರ ಹೋಗಿ, ಆದರೆ ಮುಚ್ಚಳ ಯಾರು ಮಾಡಿದ್ದು ಅಂತ ಹೇಳಿ. ಹೊಸಬರು ತಮ್ಮ ಗುರುತನ್ನು ಒಡಲ ಮೇಲೆ ಹಾಕಲಿ, ಮುಚ್ಚಳದ ಗುರುತು ಹಾಗೆಯೇ ಇರಲಿ.

ನಿಮ್ಮ ಕೊನೆಯ ಪ್ರಶ್ನೆ. ಅಪ್ಪನ ಪೆನ್ನು ಆಗುತ್ತಾ? ನಿಮಗೆ ಸುಳ್ಳು ಹೇಳಲಾರೆ. ಅವರು ಮಾಡಿಸಿದ ಒಡಲು ಹೋಯಿತು, ಅದು ಮತ್ತೆ ಬರುವುದಿಲ್ಲ. ಮುಚ್ಚಳ ಅವರದ್ದು. ಒಡಲು ನೀವು ಮಾಡಿಸಿದ್ದು ಆಗುತ್ತದೆ, ಮರ ಸಿಕ್ಕಿದರೆ ಅದೇ ಮರದ್ದು. ಬರೆಯುವಾಗ ಎರಡೂ ನಿಮ್ಮ ಕೈಯಲ್ಲಿ ಇರುತ್ತದೆ. ಒಬ್ಬರಿಗೆ ಹೀಗೆ ಮಾಡಿಕೊಟ್ಟಾಗ ಎರಡೂ ಬಣ್ಣ ಕೂಡುವ ಜಾಗದಲ್ಲಿ ಅವರು ಬಹಳ ಹೊತ್ತು ಬೆರಳು ಆಡಿಸುತ್ತಾ ಕೂತಿದ್ದರು. ನಾನು ಮಾತಾಡಿಸಲಿಲ್ಲ, ಕಾಫಿ ಮಾಡಲು ಒಳಗೆ ಹೋದೆ.

ಮುಚ್ಚಳವನ್ನು ಸದ್ಯಕ್ಕೆ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರ್ ಬೇಡ, ಈ ಮಳೆಯಲ್ಲಿ ಬೂಷ್ಟು ಹಿಡಿಯುತ್ತದೆ. ಒಳಗಿನ ಒಣಗಿದ ಇಂಕನ್ನು ತೊಳೆಯಬೇಡಿ. ನಿಬ್ ಎಲ್ಲಿಯವರೆಗೆ ಬರುತ್ತಿತ್ತು ಅನ್ನುವುದಕ್ಕೆ ಆ ಕಲೆಯೇ ಗುರುತು, ಅವರಿಗೆ ಅದು ಬೇಕಾಗುತ್ತದೆ.